ಹತ್ತೊಂಬತ್ತರ ಮಗ್ಗಿ

ವಾಲರೂ ಬಂದರಿನ ತೂಕದ ಕಟ್ಟೆ, ಡಿಸೆಂಬರಿನ ಉರಿಬಿಸಿಲು.
ಬಾರ್ಲಿಯ ಧೂಳು ಕಿಟಕಿಯ ಗಾಜಿಗೆ
ಇನ್ನೊಂದು ಗಾಜು ಹಾಕಿದೆ.
ಲಾರಿ ಬರುತ್ತದೆ, ತುಂಬಿದ ತೂಕ ಬರೆಯುತ್ತೇನೆ.
ಸುರಿದು ಬರುತ್ತದೆ, ಖಾಲಿ ತೂಕ ಬರೆಯುತ್ತೇನೆ.
ಮೂರು ಸುಗ್ಗಿಯಿಂದ ನನ್ನ ಕೆಲಸ ಇಷ್ಟೇ: ಕಳೆಯುವುದು.
ಭಾಗಿಸು ಎಂದು ಯಾರೂ ಕೇಳಿರಲಿಲ್ಲ.

ಮರ್ವ್ ಟ್ರೆನಾರ್ಡೆನ್ ಕೇಳಿದ.
ಮೂಂಟಾದ ತಾಮ್ರದ ಗಣಿಗಿಳಿದ ಕಾರ್ನ್‌ವಾಲಿನವರ ಕುಡಿ,
ಕಲ್ಲಿನೊಳಗೆ ಏನೋ ಇದೆಯೆಂದೇ ನಂಬಿದ ಮನೆತನ.
ಕಟ್ಟೆಯ ಮೇಲೆ ಲಾರಿ ಹತ್ತಿಸಿ, ಎಂಜಿನ್ ಆರಿಸಿ,
"ಇಲ್ಲಿ ಬಾ, ಒಂದು ನೋಡು" ಎಂದ.
ಕಿಲೋಮೀಟರಿನ ಕಿಂಡಿಯಲ್ಲಿ ಆರು ಬಿಳಿ ಅಂಕಿ:
೫೧೦೫೧೦.
"ಯಾರದೋ ಹೆಸರು ಎರಡು ಸಲ ಕೂಗಿದ ಹಾಗಿದೆ."

ಹೌದಲ್ಲ.
ಮೂರಂಕಿಯ ಪಕ್ಕ ಅದೇ ಮೂರಂಕಿ ಕೂರಿಸಿದರೆ
ಅದು ಸಾವಿರದೊಂದರ ಮನೆಯ ಕೂಸು;
ಆ ಮನೆಯಲ್ಲೋ ಏಳು, ಹನ್ನೊಂದು, ಹದಿಮೂರು
ಒಂದೇ ಕಂಬಳಿ ಹೊದ್ದು ಮಲಗಿರುತ್ತವೆ.
ಉಳಿದ ಐನೂರಹತ್ತನ್ನು ಚೀಟಿಯ ಬೆನ್ನಲ್ಲಿ ಒಡೆದೆ:
ಎರಡು, ಮೂರು, ಐದು,
ಕೊನೆಗೆ ಹದಿನೇಳು, ತಡವಾಗಿ ಬಂದು ಚಪ್ಪಲಿ ಬಿಟ್ಟಂತೆ.

ಎರಡರಿಂದ ಹದಿನೇಳರ ತನಕ
ಒಡೆಯದ ಏಳೂ ಜನ ಬಂದಿದ್ದಾರೆ.
ಒಬ್ಬರೂ ತಪ್ಪಿಲ್ಲ, ಒಬ್ಬರೂ ಎರಡನೇ ಪಂಕ್ತಿಗೆ ಕೂತಿಲ್ಲ.
ನಾಲ್ಕು ಇಣುಕಿತು, ಒಂಬತ್ತು ಇಣುಕಿತು,
ಅವಕ್ಕೆ ಎಲೆ ಹಾಕಲಿಲ್ಲ.
ಇದಕ್ಕಿಂತ ಚಿಕ್ಕ ಯಾವ ಸಂಖ್ಯೆಯ ಮನೆಯಲ್ಲೂ
ಈ ಏಳು ಜನ ಒಟ್ಟಿಗೆ ಉಂಡದ್ದಿಲ್ಲ.
"ಮರ್ವ್, ನಿನ್ನ ಲಾರಿ ಐದು ಲಕ್ಷ ಓಡಿದ್ದು ಈ ಊಟಕ್ಕೆ."
ಅವನು ಟೋಪಿ ತೆಗೆದ,
ಲಾರಿಗೋ ಸಂಖ್ಯೆಗೋ ತಿಳಿಯಲಿಲ್ಲ.
ಹಿಂದೆ ನಾಲ್ಕು ಲಾರಿ ಹಾರ್ನ್ ಹೊಡೆದವು.

ಕಾಳು ಸುರಿದು, ಕಣಜ ಸುತ್ತಿ ಮರಳುವಷ್ಟರಲ್ಲಿ
ಕೊನೆಯ ಸೊನ್ನೆ ಒಂದಾಗಿತ್ತು.
ಎರಡರಿಂದ ಭಾಗಿಸಿದೆ, ಒಂದು ಉಳಿಯಿತು.
ಮೂರರಿಂದ. ಒಂದು.
ಏಳೂ ಮನೆಯ ಕದ ತಟ್ಟಿದೆ,
ಏಳೂ ಹೊಸಿಲಲ್ಲಿ ಅದೇ ಒಂದು ನಿಂತಿತ್ತು.
"ಹಾಗಾದರೆ ಇದು ಒಡೆಯುವುದಲ್ಲ!"
ಮರ್ವನ ಮುಖದಲ್ಲಿ ಗಟ್ಟಿ ಬಂಡೆ ಸಿಕ್ಕ ಖುಷಿ.
ನಾನೂ ಹೂಂ ಅಂದೆ. ಅವನು ಹೊರಟುಹೋದ.

ಸಂಜೆ ಐದೂವರೆಗೆ ನನಗೆ ಅನುಮಾನ ಬಂತು.
ಹದಿನೇಳರ ಆಚೆಯವರನ್ನು ಕೇಳಿಯೇ ಇಲ್ಲ.
ಆಚೆಗೆ ಮೊದಲು ಹತ್ತೊಂಬತ್ತು,
ಲಿಂಗಸುಗೂರಿನ ಶಾಲೆಯಲ್ಲಿ ನಾನು ದಾಟದೇ ಉಳಿದ ಮಗ್ಗಿ.
ಅಂದಾನಪ್ಪ ಮಾಸ್ತರರು ಬೈಯುತ್ತಿರಲಿಲ್ಲ, ಹೇಳುತ್ತಿದ್ದರು:
"ಇಪ್ಪತ್ತರ ಮನೀಗೆ ಹೋಗವ್ವಾ,
ಪ್ರತಿ ಸಲಾನೂ ಒಂದೊಂದು ಹೆಜ್ಜಿ ಹೆಚ್ಚಿಗಿ ಹಿಂದ ಬಾ."

ಹತ್ತೊಂಬತ್ತೆರಡ್ಲೆ ಮೂವತ್ತೆಂಟು, ಹದಿಮೂರು ಉಳೀತು.
ಹತ್ತೊಂಬತ್ತಾರ್ಲೆ ನೂರಾ ಹದಿನಾಲ್ಕು, ಹದಿನಾರು ಉಳೀತು.
ಎಂಟ್ಲೆ ನೂರಾ ಐವತ್ತೆರಡು, ಮತ್ತೆ ಹದಿಮೂರು.
ಮತ್ತೆ ಆರ್ಲೆ, ಹದಿನೇಳು.
ಕೆಳಗಿಳಿದು ನಿಂತದ್ದು ನೂರಾ ಎಪ್ಪತ್ತೊಂದು,
ನಾನು ವರ್ಷವಿಡೀ ಎಡವಿದ ಅದೇ ಮೆಟ್ಟಿಲು:
ಹತ್ತೊಂಬತ್ತೊಂಬತ್ಲೆ.

ಏನೂ ಉಳಿಯಲಿಲ್ಲ.

ಮಿಕ್ಕದ್ದಕ್ಕೆ ಕತ್ತಲಾಗುವವರೆಗೆ ಕೂತೆ.
ಜೆಟ್ಟಿಯ ದೀಪ ಹತ್ತಿದಾಗ
ತೊಂಬತ್ತೇಳು ಸಿಕ್ಕಿತು, ಅದರ ಕೈಹಿಡಿದು
ಇನ್ನೂರ ಎಪ್ಪತ್ತೇಳೂ ಬಂತು.
ಏಳು ಜನರ ಊಟಕ್ಕೆ ಯಾರೂ ಕರೆಯದ ಈ ಮೂವರು
ಒಂದೇ ಕಿಲೋಮೀಟರು ಮುಂದೆ,
ದಾರಿಬದಿಯಲ್ಲಿ ಸುಮ್ಮನೆ ಕೂತಿದ್ದರು.
ಎಷ್ಟು ಜನರನ್ನು ಗುಣಿಸಿ ಬಾಗಿಲು ಹಾಕಿಕೊಂಡರೂ
ಒಂದು ಕೂಡಿಸು,
ಹೊರಗೆ ಯಾರೋ ಕೆಮ್ಮುತ್ತಾರೆ.

ಬೆಳಿಗ್ಗೆ ಗ್ಲೆನಿಸ್ ಹಾಕಿಂಗ್ ಚೀಟಿ ಹಿಡಿದು ಬಂದಳು.
"ಖಾಲಿ ತೂಕದ ಕಡೆ ೧೯, ೯೭, ೨೭೭.
ಇದೇನು ಟನ್ನೋ? ಯಾವ ಕಾಳು?"
ಬರೆಯಬೇಕಾದ್ದನ್ನೇ ಮರೆತಿದ್ದೆ.
ಮರ್ವನನ್ನು ಮತ್ತೆ ಕರೆಸಬೇಕು, ಲಾರಿ ಸಮೇತ.
ಆ ಹೊತ್ತಿಗೆ ಕಿಂಡಿಯಲ್ಲಿ ಎಷ್ಟಾಗಿರುತ್ತದೋ.